‘ಇಲ್ಲಿತನ ಯಾರ್ ಬರ್ತಾರ್ರಿ?’ ಎನ್ನುವ ಸಾಹುಕಾರರಿಗೆ

ಹೊಸ ರ‍್ಯಾನ್ಸಮ್‌ವೇರ್ (ಕಂಪ್ಯೂಟರಿನ ಫೈಲುಗಳನ್ನು ಲಾಕ್ ಮಾಡಿ, ಬಿಡಿಸಲು ದುಡ್ಡು ಕೇಳುವ ಪ್ರೋಗ್ರಾಮ್) ಒಂದು ಓಡಾಡುತ್ತಿದೆ ಎಂದು ಕಲಬುರಗಿಯ ಯಾವ ದಾಲ್ ಮಿಲ್ ಮಾಲೀಕರಿಗೆ ಹೇಳಿದರೂ ಉತ್ತರ ಒಂದೇ. ‘ಸರ್, ನಾವು ತೊಗರಿ ಒಡೆಯೋ ಮಂದಿ. ಬೆಂಗಳೂರು, ಬಾಂಬೆ ಬಿಟ್ಟು ಇಲ್ಲಿತನ ಯಾರ್ ಬರ್ತಾರ್ರಿ?’ ಹೇಳಿ ಚಹಾ ತರಿಸುತ್ತಾರೆ. ಚಹಾ ಚೆನ್ನಾಗಿರುತ್ತದೆ. ಹಾಗಾಗಿ ನನಗೆ ಸಿಟ್ಟು ಬರುವುದು ಸ್ವಲ್ಪ ತಡ.

ತೊಂದರೆ ಏನಂದರೆ, ಅವರ ಮಾತು ಅರ್ಧ ನಿಜ. ಕಪನೂರಿನ ಮಿಲ್ಲುಗಳ ಪಟ್ಟಿ ಹಿಡಿದು ಯಾರೂ ಕೂತಿಲ್ಲ. ಆದರೆ ಪಟ್ಟಿ ಬೇಕಾಗಿಯೇ ಇಲ್ಲ. ಇಂಟರ್‌ನೆಟ್ಟಿನಲ್ಲಿರುವ ಒಂದೊಂದು ವಿಳಾಸವನ್ನೂ ಹಗಲು ರಾತ್ರಿ ತಟ್ಟಿ ನೋಡುವ ಪ್ರೋಗ್ರಾಮ್‌ಗಳಿವೆ. ಗಂಜ್‌ನಲ್ಲಿ ರಾತ್ರಿ ಒಬ್ಬ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಅಂಗಡಿಗಳ ಕೀಲಿ ಅಲ್ಲಾಡಿಸುತ್ತಾ ಹೋದ ಹಾಗೆ. ಅವನು ಬೋರ್ಡು ಓದುವುದಿಲ್ಲ. ಯಾವ ಕೀಲಿ ಸಡಿಲವೋ ಅಲ್ಲಿ ಒಳಗೆ ಹೋಗುತ್ತಾನೆ. ಇದು ಯಾರ ಅಂಗಡಿ, ಎಷ್ಟು ವ್ಯವಹಾರ ಅಂತ ನೋಡುವುದು ಒಳಗೆ ಹೋದ ಮೇಲೆ. ನಿಮ್ಮದೇ ಲೆಕ್ಕದ ಫೈಲ್ ತೆರೆದು, ಎಷ್ಟು ಕೇಳಿದರೆ ಕೊಡಬಹುದು ಎಂದು ಅಂದಾಜು ಮಾಡುವವರೂ ಇದ್ದಾರೆ.

ಆ ಸಡಿಲ ಕೀಲಿ ಸಾಮಾನ್ಯವಾಗಿ ಎಲ್ಲಿರುತ್ತದೆ ಗೊತ್ತಾ? ಮುನೀಮರಿಗೆ ರಾತ್ರಿ ಮನೆಯಿಂದಲೇ ಟ್ಯಾಲಿ ನೋಡಬೇಕಿತ್ತು. ಕಂಪ್ಯೂಟರ್ ಹುಡುಗ ಬಂದು ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್, ಅಂದರೆ ದೂರದಿಂದಲೇ ಕಂಪ್ಯೂಟರ್ ನಡೆಸುವ ದಾರಿ, ತೆರೆದು ಕೊಟ್ಟ. ಪಾಸ್‌ವರ್ಡ್ ಮಿಲ್ಲಿನ ಹೆಸರು, ಮುಂದೆ 123. ಹುಡುಗ ಆಮೇಲೆ ಪುಣೆಗೆ ಹೋದ. ಬಾಗಿಲು ಮಾತ್ರ ತೆರೆದೇ ಇದೆ. ಎಲ್ಲ ಕಡೆ ಹೀಗೇ ಅಂತ ನಾನು ಹೇಳುವುದಿಲ್ಲ. ಆದರೆ ನೋಡಲು ಕರೆದಾಗ ನಾನು ಮೊದಲು ನೋಡುವುದು ಇದನ್ನೇ.

ಗುರಿ ನಾವಲ್ಲದಿದ್ದರೂ ಪೆಟ್ಟು ನಮಗೇ ಬೀಳಬಹುದು. 2017ರ ಜೂನ್‌ನಲ್ಲಿ ನಾಟ್‌ಪೆಟ್ಯ ಎಂಬ, ಕಂಪ್ಯೂಟರ್ ಹಾಳುಗೆಡವುವ ಪ್ರೋಗ್ರಾಮನ್ನು ಬಿಟ್ಟಿದ್ದು ಯುಕ್ರೇನ್ ಮೇಲೆ. ಅಲ್ಲಿನವರು ತೆರಿಗೆ ಲೆಕ್ಕಕ್ಕೆ ಬಳಸುವ ಸಾಫ್ಟ್‌ವೇರಿನ ಅಪ್‌ಡೇಟಿನಲ್ಲಿ ಅದನ್ನು ತೂರಿಸಿದ್ದರು. ಅದು ಮೇರ್ಸ್ಕ್ ಹಡಗು ಕಂಪನಿಗೂ ಹಬ್ಬಿತು. ಮುಂಬೈ ಪಕ್ಕದ ಜೆಎನ್‌ಪಿಟಿ ಬಂದರಿನಲ್ಲಿ ಅವರ ಟರ್ಮಿನಲ್ಲಿನ ಕೆಲಸ ನಿಂತಿತು. ಬಂದರು ಅಂದ ತಕ್ಷಣ ಸಾಹುಕಾರರು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಹೊರದೇಶದ ತೊಗರಿ ಬಂದರೆ ಇಲ್ಲಿ ರೇಟು ಏನಾಗುತ್ತದೆ ಎಂದು ಅವರಿಗೆ ನಾನು ಹೇಳಬೇಕಿಲ್ಲ. ಇನ್ನೂ ಹತ್ತಿರದ್ದು ಬೇಕಾದರೆ 2024ರ ಜುಲೈ. ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಒಂದೇ ಒಂದು ಕಂಪನಿಗೆ ರ‍್ಯಾನ್ಸಮ್‌ವೇರ್ ಬಡಿಯಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ತೊಂದರೆಯಾಯಿತು. ಅದರಲ್ಲಿ ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳೇ ಇದ್ದವು. ಆ ಬ್ಯಾಂಕುಗಳ ಹಳ್ಳಿ ಶಾಖೆಯ ಮೇಲೆ ಯಾರಿಗೂ ಹಗೆ ಇರಲಿಲ್ಲ.

ಇಷ್ಟು ಸಾಹುಕಾರರಿಗೆ ಬೈದದ್ದಾಯಿತು. ಇನ್ನು ನಮ್ಮ ಐಟಿ ಹುಡುಗರ ಸರದಿ.

ಇವರು ಇಂಗ್ಲಿಷಿನ ಪಿಡಿಎಫ್ ಪ್ರಿಂಟ್ ಹಾಕಿಕೊಂಡು ಬರುತ್ತಾರೆ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ, ಎಷ್ಟೋ ಸಾಫ್ಟ್‌ವೇರುಗಳ ಒಳಗೆ ಸೇರಿಕೊಂಡಿರುವ ತುಣುಕಿನ ದೋಷ ಹೊರಬಿದ್ದಾಗ ಅದರ ಅಪಾಯಕ್ಕೆ ಹತ್ತಕ್ಕೆ ಹತ್ತು ಅಂಕ ಕೊಟ್ಟಿದ್ದರು. ಒಬ್ಬ ಹುಡುಗ ಗಾಬರಿಯಿಂದ ಅದನ್ನೇ ಓದಿ ಹೇಳಿದ. ಸಾಹುಕಾರರು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾ, ‘ಹತ್ತಕ್ಕ ಹತ್ತು ಅಂದ್ರ ಚಲೋನೇ ಆಯ್ತಲ್ಲೋ ತಮ್ಮಾ’ ಅಂದರು. ತಪ್ಪು ಯಾರದು? ನನ್ನ ಪ್ರಕಾರ ಸಾಹುಕಾರರದ್ದಲ್ಲ.

ನಾನೀಗ ಅಪಾಯದ ಹೆಸರನ್ನೇ ಹೇಳುವುದಿಲ್ಲ. ಜನವರಿ ಬಗ್ಗೆ ಕೇಳುತ್ತೇನೆ. ಹೊಸ ತೊಗರಿ ಬರುತ್ತಿದೆ, ಗೇಟಿನ ಹೊರಗೆ ಲಾರಿ ಸಾಲು ನಿಂತಿದೆ, ಲಾರಿ ತೂಗುವ ಕಾಟಾದ ಕಂಪ್ಯೂಟರೂ ಬಿಲ್ಲಿಂಗೂ ಬೆಳಗ್ಗೆ ತೆರೆಯಲಿಲ್ಲ. ಎಷ್ಟು ದಿನ ತಡ್ಕೋತೀರಿ? ಕೇಳಿ ಸುಮ್ನೆ ಕೂರುತ್ತೇನೆ. ಅವರೇ ಲೆಕ್ಕ ಹಾಕುತ್ತಾರೆ. ಹಮಾಲರ ಕೂಲಿ, ಲಾರಿ ಹಾಲ್ಟಿಂಗ್, ತಮಿಳುನಾಡಿನ ಪಾರ್ಟಿಯ ಫೋನ್. ಮೂರು ದಿನಕ್ಕೆ ಅವರು ಹೇಳುವ ಮೊತ್ತ ನನ್ನ ಅಂದಾಜಿಗಿಂತ ಯಾವಾಗಲೂ ಜಾಸ್ತಿ. ಆಮೇಲೆ ಬ್ಯಾಕಪ್ ಡಿಸ್ಕಿನ ಖರ್ಚು ಹೇಳಿದರೆ ಚೌಕಾಸಿ ಕಡಿಮೆ. ಇಲ್ಲವೇ ಇಲ್ಲ ಅನ್ನುವಂತಿಲ್ಲ, ಕಡಿಮೆ.

ಬ್ಯಾಕಪ್ ಅಂದರೆ ನೆನಪಾಗುತ್ತದೆ. ಒಂದು ಮಿಲ್ಲಿನಲ್ಲಿ ಎರಡು ಟಿಬಿ ಡಿಸ್ಕ್ ಇತ್ತು. ಆಯುಧ ಪೂಜೆಯ ಕುಂಕುಮ ಹಾಗೇ ಇತ್ತು, ವೈರ್ ಕೂಡ ಹಾಗೇ ಇತ್ತು. ಸರ್ವರ್‌ಗೆ ಚುಚ್ಚಿದ್ದನ್ನು ಯಾರೂ ತೆಗೆದಿರಲಿಲ್ಲ. ದಾಳಿ ಆದಾಗ ಸರ್ವರ್ ಜೊತೆ ಡಿಸ್ಕಿನ ಫೈಲುಗಳೂ ಲಾಕ್ ಆದವು. ಅವರನ್ನು ಉಳಿಸಿದ್ದು ಕಾಟಾ ಚೀಟಿಯ ಕಾರ್ಬನ್ ಪ್ರತಿ. ವಯಸ್ಸಾದ ಮುನೀಮರು ಅವನ್ನು ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದರು. ಮಾಲೀಕರ ಮಗ ಅದನ್ನು ರದ್ದಿಗೆ ಹಾಕಿ ಎಂದು ಎರಡು ವರ್ಷದಿಂದ ಗಂಟುಬಿದ್ದಿದ್ದನಂತೆ. ಚೀಟಿ ನೋಡಿ ನೋಡಿ ಸೀಸನ್ನಿನ ಖಾತೆ ಮತ್ತೆ ಬರೆದರು. ದುಡ್ಡು ಕೊಟ್ಟಿದ್ದರೆ ಫೈಲ್ ಸಿಗುತ್ತಿತ್ತೇ? ಸಿಕ್ಕರೂ ಸಿಗಬಹುದಿತ್ತು. ಕೊಟ್ಟವರಿಗೆಲ್ಲ ಸಿಕ್ಕಿಲ್ಲ.

ಇತ್ತೀಚಿನದು ನಕಲಿ ಧ್ವನಿ, ನಕಲಿ ಮುಖ. 2024ರ ಆರಂಭದಲ್ಲಿ ಸುದ್ದಿಯಾದ ಹಾಂಕಾಂಗ್ ಪ್ರಕರಣದಲ್ಲಿ, ವಿಡಿಯೋ ಮೀಟಿಂಗಿನಲ್ಲಿ ಮೇಲಧಿಕಾರಿಯ ಮುಖ ನೋಡಿ ನಂಬಿದ ಉದ್ಯೋಗಿ ಸುಮಾರು 20 ಕೋಟಿ ಹಾಂಕಾಂಗ್ ಡಾಲರ್ ಕಳಿಸಿದ್ದ. ಇದನ್ನು ಹೇಳಿದರೆ ಎಲ್ಲರೂ ಬಾಯಿಬಿಟ್ಟು ಕೇಳುತ್ತಾರೆ, ಸಿನಿಮಾ ಕಥೆ ಕೇಳಿದ ಹಾಗೆ. ಹಾಗಾಗಿ ನಾನು ಕಥೆ ಅಲ್ಲಿಗೇ ನಿಲ್ಲಿಸಿ ಒಂದು ತೀರ್ಮಾನ ಕೇಳುತ್ತೇನೆ: ‘ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ’ ಎಂದು ಪಾರ್ಟಿಯಿಂದ ವಾಟ್ಸಾಪ್ ಬಂದರೆ, ಧ್ವನಿ ಅವರದ್ದೇ ಇದ್ದರೂ, ಖಾತೆಯಲ್ಲಿ ಬರೆದಿರುವ ಹಳೇ ನಂಬರಿಗೆ ನಾವೇ ಫೋನ್ ಮಾಡಿ ಕೇಳದೆ ದುಡ್ಡು ಹೋಗಬಾರದು. ಒಪ್ಪುತ್ತೀರಾ? ಕಾಸಿನ ಖರ್ಚಿಲ್ಲ. ಒಪ್ಪುತ್ತಾರೆ.

ಮಾಲೀಕರಿಗೆ ಹೋಗುವ ಕಾಗದ ಹೀಗೇ ಇರಬೇಕು ಅನ್ನುವುದು ನನ್ನ ಹಟ. ಕನ್ನಡದಲ್ಲಿ ಒಂದು ಪುಟ. ಏನು ನಿಲ್ಲಬಹುದು, ಎಷ್ಟು ದಿನ, ಅವರು ಇವತ್ತು ತೀರ್ಮಾನಿಸಬೇಕಾದದ್ದು ಏನು. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಹೊರಡಿಸಿದ ನಿರ್ದೇಶನದಂತೆ ಇಂಥ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ಅದು ನಿಮ್ಮ ಸಂಸ್ಥೆಗೆ ಹೇಗೆ ಅನ್ವಯಿಸುತ್ತದೆ ಎಂದು ವಕೀಲರನ್ನು ಕೇಳಿಕೊಳ್ಳಿ, ಆ ಕೆಲಸ ನನ್ನದಲ್ಲ.

ಕೊನೆಯ ಸಾಲಿಗೆ ಮಾತ್ರ ಪ್ರತಿ ಸಲ ಜಗ್ಗಾಟ. ಪರದೆ ಮೇಲೆ ದುಡ್ಡು ಕೇಳುವ ಸಂದೇಶ ಕಂಡ ಕೂಡಲೇ ನೆಟ್‌ವರ್ಕ್ ವೈರ್ ಕೀಳುವ ಅಧಿಕಾರ ಯಾರಿಗೆ? ಸಾಹುಕಾರರು ಮದುವೆಯಲ್ಲಿರುತ್ತಾರೆ, ಫೋನ್ ಎತ್ತುವುದಿಲ್ಲ. ಮುನೀಮರಿಗೆ ಧೈರ್ಯ ಬರುವುದಿಲ್ಲ. ‘ನಾ ಕಿತ್ತು ಧಂದಾ ನಿಂತ್ರ ನನಗೇ ಬೈತಾರ್ರಿ’ ಅನ್ನುತ್ತಾರೆ. ಅದಕ್ಕೇ ಆ ಸಾಲಿನಲ್ಲಿ ಮುನೀಮರ ಹೆಸರು ಬರೆಸಿ, ಕೆಳಗೆ ಸಾಹುಕಾರರ ಸಹಿ ಹಾಕಿಸಿಕೊಳ್ಳದೆ ನಾನು ಏಳುವುದಿಲ್ಲ.