ಬೇಕೆಂದೇ ಇಟ್ಟ ಸೋರಿಕೆ

ಕಾಫಿ ತೋಟಗಳಲ್ಲಿ ಇನ್ನೂ ಓಡಾಡುವ ಹಳೆಯ ವಿಲ್ಲೀಸ್ ಜೀಪಿನ ಬಾನೆಟ್ ಎತ್ತಿ ನೋಡಿ. ಇಂಜಿನ್ ಪಕ್ಕದಲ್ಲಿ ತಗಡಿನ ಒಂದು ಡಬ್ಬಿ, ಅದಕ್ಕೆ ಎರಡು ಪೈಪು. ಆಯಿಲ್ ಫಿಲ್ಟರ್. ಆಯುಧಪೂಜೆಯ ದಿನ ಈ ಬಾನೆಟ್ಟಿಗೆ ಅರಿಶಿನ ಕುಂಕುಮ, ಚಕ್ರದಡಿಗೆ ನಿಂಬೆಹಣ್ಣು, ಎದುರಿಗೆ ಬೂದುಗುಂಬಳ. ದೃಷ್ಟಿಯೇನೋ ತೆಗೆದಾಯಿತು, ಒಳಗೆ ಪೈಪುಗಳು ಅದಲುಬದಲಾಗಿದ್ದರೆ ಯಾವ ನಿಂಬೆಹಣ್ಣೂ ಇಂಜಿನ್ನಿನ ಅಚ್ಚನ್ನು ಹೊತ್ತ ಬೇರಿಂಗ್ ಉಳಿಸುವುದಿಲ್ಲ.

ಎಣ್ಣೆಯೆಲ್ಲ ಫಿಲ್ಟರಿನಲ್ಲಿ ಸೋಸಿಕೊಂಡೇ ಬೇರಿಂಗಿಗೆ ಹೋಗುತ್ತದೆ ಎಂಬುದು ಎಲ್ಲರ ನಂಬಿಕೆ. ಇಂದಿನ ಕಾರುಗಳಿಗೆ ಅದು ಸರಿ. ಈ ಜೀಪಿನ 2.2 ಲೀಟರ್ ಇಂಜಿನ್ನಿನಲ್ಲಿ ಹಾಗಲ್ಲ. ಪಂಪು ತಳ್ಳಿದ ಎಣ್ಣೆಯ ಬಹುಪಾಲು ಸೋಸದೆಯೇ ನೇರ ಬೇರಿಂಗಿಗೆ ಹೋಗುತ್ತದೆ. ಸಣ್ಣದೊಂದು ಪಾಲು ಮಾತ್ರ ಮೊದಲ ಪೈಪಿನಿಂದ ಡಬ್ಬಿಗೆ ಬಂದು, ಸೋಸಿಕೊಂಡು, ಎರಡನೆಯದರಿಂದ ಇಂಜಿನ್ನಿನ ಮುಂದಿನ ಟೈಮಿಂಗ್ ಕವರಿಗೆ ಇಳಿದು, ಎಣ್ಣೆ ನಿಲ್ಲುವ ತಳದ ಚೇಂಬರ್ ಸೇರುತ್ತದೆ. ಅಂದರೆ ಫಿಲ್ಟರ್ ಲೈನ್ ಎಂಬುದು ಒತ್ತಡದ ಮನೆಗೆ ಬೇಕೆಂದೇ ಕೊರೆದ ಸೋರಿಕೆ.

ಅಷ್ಟರಿಂದ ಏನು ಪ್ರಯೋಜನ ಎನ್ನಬಹುದು. ಪಾನಕದ ಹಂಡೆಯಿಂದ ಒಂದೊಂದೇ ಲೋಟ ತೆಗೆದು, ಸೋಸಿ, ಮತ್ತೆ ಅದೇ ಹಂಡೆಗೆ ಸುರಿಯುತ್ತಾ ಹೋಗಿ. ಹಂಡೆಯಷ್ಟು ಪಾನಕ ಹಾದುಹೋಗುವಾಗ ಸುಮಾರು 37 ಶೇಕಡ ಕಸ ಉಳಿದಿರುತ್ತದೆ. ಮೂರು ಹಂಡೆಯಷ್ಟಾದಾಗ 5 ಶೇಕಡ. ನಿಧಾನ, ಆದರೆ ಸೋಸುವ ಬಟ್ಟೆ ಎಷ್ಟು ನವಿರಾಗಿದ್ದರೂ ನಡೆಯುತ್ತದೆ, ಏಕೆಂದರೆ ಬೇರಿಂಗು ಅದಕ್ಕಾಗಿ ಕಾಯುತ್ತಿಲ್ಲ.

ನನಗೆ ಅಚ್ಚುಮೆಚ್ಚಿನ ಭಾಗ ಈಗ ಬರುತ್ತದೆ: ಸುಮಾರು ಒಂದೂವರೆ ಮಿಲಿಮೀಟರಿನ ತೂತು. ಹಳೆಯ ಡಬ್ಬಿಗಳಲ್ಲಿ ಇದು ಸಾಮಾನ್ಯವಾಗಿ ನಡುಗೊಳವೆಯಲ್ಲೋ ಪೈಪು ಸೇರುವ ನಿಪ್ಪಲಿನಲ್ಲೋ ಇರುತ್ತದೆ. ಕೆಳಮನೆಯವರು ನಲ್ಲಿ ಪೂರ್ತಿ ತಿರುಗಿಸಿದರೆ ಮೇಲಿನ ಮಹಡಿಯಲ್ಲಿ ಸ್ನಾನ ಅರ್ಧಕ್ಕೆ ನಿಲ್ಲುವುದಿಲ್ಲವೇ? ಆ ನಲ್ಲಿಯನ್ನು ಬಿಗಿಹಿಡಿದಿರುವುದು ಈ ತೂತು. ತುಂಬಿದ ಕೆರೆಗೆ ತೂಬು ಇದ್ದಂತೆ ಎಂದರೂ ಸರಿ. ತೂತಿನ ಅಗಲ ಎರಡು ಪಟ್ಟಾದರೆ ಹರಿವು ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ‘ಹೊಸ ಮಾದರಿ ಒಳ್ಳೇದು’ ಅಂತ ಈ ತೂತಿಲ್ಲದ ಫಿಲ್ಟರನ್ನು ಅದೇ ಪೈಪುಗಳಿಗೆ ಸಿಕ್ಕಿಸುವವರು ತೂಬನ್ನೇ ಕಿತ್ತಂತೆ. ಎಣ್ಣೆಯ ಒತ್ತಡದ ಗೇಜಿನ ಮುಳ್ಳು ಕೆಳಗೆ, ಬೇರಿಂಗು ಒಣಗಲು.

ಮುಳ್ಳು ತೋರಿಸುವ ಒತ್ತಡವೇ ಕ್ರ್ಯಾಂಕನ್ನು, ಅಂದರೆ ಇಂಜಿನ್ನಿನ ತಿರುಗುವ ಅಚ್ಚನ್ನು, ಎತ್ತಿಹಿಡಿದಿದೆ ಎಂದುಕೊಂಡರೆ ಅದೂ ತಪ್ಪು. 1883ರಲ್ಲಿ ಇಂಗ್ಲೆಂಡಿನ ಬೋಷಾಂ ಟವರ್ ಎಂಬ ಇಂಜಿನಿಯರ್ ರೈಲಿನ ಅಚ್ಚುಗಳಿಗೆ ಹಾಕುವಂಥ ಬೇರಿಂಗನ್ನು ಪರೀಕ್ಷಿಸುತ್ತಿದ್ದ. ಎಣ್ಣೆ ಬಿಡಲು ಮೇಲೊಂದು ತೂತು ಕೊರೆದರೆ ಎಣ್ಣೆ ಅಲ್ಲಿಂದಲೇ ಉಕ್ಕಿ ಬಂತು! ಬೆಣೆ ಜಡಿದ, ಬೆಣೆಯನ್ನೂ ಹೊರದಬ್ಬಿತು. ಮಾಪಕ ಕೂರಿಸಿದಾಗ ಚದರ ಅಂಗುಲಕ್ಕೆ 200 ಪೌಂಡನ್ನೂ ಮೀರಿತು. ಅಲ್ಲಿ ಪಂಪೇ ಇರಲಿಲ್ಲ. ತಿರುಗುವ ಅಚ್ಚೇ ಎಣ್ಣೆಯನ್ನು ಸಂದಿಗೆ ಎಳೆದು ಒತ್ತಡ ಹುಟ್ಟಿಸಿತ್ತು. 1886ರಲ್ಲಿ ವಿಜ್ಞಾನಿ ಆಸ್ಬರ್ನ್ ರೆನಾಲ್ಡ್ಸ್ ಅದಕ್ಕೆ ಗಣಿತ ಬರೆದ. ಜೀಪಿನ ಪಂಪಿನದು ಬಡಿಸುವ ಕೆಲಸ ಅಷ್ಟೇ. ಬಡಿಸುವುದು ನಿಂತರೆ ಮಾತ್ರ ಊಟವೇ ಇಲ್ಲ.

ಇನ್ನು ಜೋಡಣೆ. ಬಹುತೇಕ ಡಬ್ಬಿಗಳಲ್ಲಿ ಎಣ್ಣೆ ಪಕ್ಕದಿಂದ ಒಳಬಂದು ನಡುವಿನಿಂದ ಇಳಿಯಬೇಕು. ತಿರುಗಾ ಮುರುಗಾ ಆದರೆ ಒಳಗಿನ ಸೋಸುವ ಕಾಗದ ಹೊರಕ್ಕೆ ಉಬ್ಬಿ ಹರಿಯಬಹುದು. ಎರಡೂ ಪೈಪುಗಳನ್ನು ಒತ್ತಡದ ಕಡೆಗೇ ಕೊಟ್ಟರೆ ಇನ್ನೂ ತಮಾಷೆ: ಸೋರಿಕೆಯಿಲ್ಲ, ಗೇಜು ಸರಿಯಾಗಿದೆ, ಡಬ್ಬಿ ತುಂಬಾ ಎಣ್ಣೆ, ಹರಿವು ಸೊನ್ನೆ. ಪೈಪಿನ ತಿರುಪಿಗೆ ಸುತ್ತುವ ಬಿಳಿ ಟೇಪಿನ ಚೂರೊಂದು ಆ ತೂತಿಗೆ ಸಿಕ್ಕಿಕೊಂಡರೂ ಇದೇ ಕಥೆ. ತಾಮ್ರದ ಪೈಪು ಬೇಡ, ಅದುರಿ ಅದುರಿ ಗಡುಸಾಗಿ ಸೀಳುತ್ತದೆ. ಬಳುಕುವ ಆಯಿಲ್ ಹೋಸ್ ಹಾಕಿ.

ಜೀಪನ್ನು ಅರ್ಧ ಗಂಟೆ ಓಡಿಸಿ ಬಂದು ಡಬ್ಬಿಯ ಹತ್ತಿರ ಕೈ ಹಿಡಿಯಿರಿ. ಇಂಜಿನ್ ಕುದಿಯುತ್ತಿದ್ದು ಡಬ್ಬಿ ಮಾತ್ರ ತಣ್ಣಗಿದ್ದರೆ, ಪೈಪು ಬಿಚ್ಚಿ.