ಮಹಡಿಯ ಬಾಡಿಗೆದಾರ, ಕೆಳಗಿನ ಪೇಯಿಂಗ್ ಗೆಸ್ಟ್: ಲೀಸ್–ಲೈಸೆನ್ಸ್ ಟಿಪ್ಪಣಿ

ಮಡಿಕೇರಿಯ ಒಂದು ಮನೆ ಅಂದುಕೊಳ್ಳಿ. ಮಹಡಿಗೆ ಹೊರಗಿನಿಂದಲೇ ಮೆಟ್ಟಿಲು, ಬೇರೆ ಅಡುಗೆಮನೆ, ಬೇರೆ ಬೀಗ, ಅಲ್ಲೊಂದು ಸಂಸಾರ. ಕೆಳಗೆ ಮಾಲೀಕರ ಪಡಸಾಲೆ ಪಕ್ಕದ ಕೋಣೆಯಲ್ಲಿ ಕಾಲೇಜು ಹುಡುಗಿ. ಅವಳ ಊಟ ಮನೆಯವರ ಜೊತೆಗೆ, ಕೋಣೆ ಗುಡಿಸುವುದೂ ಮನೆಯವರೇ. ತಿಂಗಳಿಗೆ ದುಡ್ಡು ಎಣಿಸುವವರು ಇಬ್ಬರೂ. ಹಕ್ಕು ಮಾತ್ರ ಬೇರೆ ಬೇರೆ.

ಮಹಡಿಯವರದು ಲೀಸ್. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 105ನೇ ಸೆಕ್ಷನ್ ಪ್ರಕಾರ, ಸ್ವತ್ತನ್ನು ಅನುಭವಿಸುವ ಹಕ್ಕೇ ಅವರಿಗೆ ದಾಟಿದೆ. ಹುಡುಗಿಯದು ಲೈಸೆನ್ಸ್, ಅದೇ ವರ್ಷದ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಸೆಕ್ಷನ್. ಇರಲು ಅನುಮತಿ ಉಂಟು, ಸ್ವತ್ತಿನಲ್ಲಿ ಹಕ್ಕು ಹುಟ್ಟುವುದಿಲ್ಲ. (ಆ ಕಾಯ್ದೆ ಮೊದಲು ಜಾರಿಯಾದ ಮೂರು ಪ್ರಾಂತ್ಯಗಳಲ್ಲಿ ಕೊಡಗೂ ಒಂದು. ಕಾನೂನು ಪರೀಕ್ಷೆಗೆ ಬರಲಿಕ್ಕಿಲ್ಲ, ನಮ್ಮವರಿಗೆ ಗೊತ್ತಿರಲಿ.)

ಮಾಲೀಕರಿಗೆ ಬಿಸಿ ತಟ್ಟುವುದು ಖಾಲಿ ಮಾಡಿಸುವಾಗ. ತಿಂಗಳ ಬಾಡಿಗೆಗೆ ಬೇರೆ ಕರಾರಿಲ್ಲದಿದ್ದರೆ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್‌ನ 15 ದಿನಗಳ ನೋಟಿಸ್ ಕೊಡಬೇಕು. ಒಪ್ಪದಿದ್ದರೆ ಕೋರ್ಟೇ ಗತಿ. ರೆಂಟ್ ಆಕ್ಟ್ (ಬಾಡಿಗೆ ಕಾಯ್ದೆ) ಅನ್ವಯಿಸುವ ಕಡೆ ಅದರಲ್ಲಿ ಹೇಳಿದ ಕಾರಣವೂ ಬೇಕು. ಸಿಟ್ಟಿಗೆದ್ದು ಬೀಗ ಜಡಿದಿರೋ, 1963ರ ಸ್ಪೆಸಿಫಿಕ್ ರಿಲೀಫ್ ಆಕ್ಟ್‌ನ 6ನೇ ಸೆಕ್ಷನ್ ಅಡಿ ಬಾಡಿಗೆದಾರರು 6 ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. ಲೈಸೆನ್ಸನ್ನು ಸಾಮಾನ್ಯವಾಗಿ ಹಿಂಪಡೆಯಬಹುದು. ಹಾಗೆಂದು ರಾತ್ರೋರಾತ್ರಿ ಪೆಟ್ಟಿಗೆ ಹೊರಗಿಡುವಂತಿಲ್ಲ: ಸಾಮಾನು ಸಾಗಿಸಲು ತಕ್ಕ ಸಮಯ ಕೊಡಬೇಕು (ಈಸ್‌ಮೆಂಟ್ಸ್ ಕಾಯ್ದೆ, ಸೆಕ್ಷನ್ 63). ದುಡ್ಡು ಪಡೆದು, ತಪ್ಪಿಲ್ಲದವರನ್ನು ಅವಧಿಗೆ ಮುಂಚೆ ಹೊರಹಾಕಿದರೆ ಪರಿಹಾರ ತೆರಬೇಕು (ಅದೇ ಕಾಯ್ದೆ, ಸೆಕ್ಷನ್ 64). ಮನೆ ಮಾರಿದರೆ ಕೊಂಡವರು ಬಾಡಿಗೆದಾರರನ್ನೂ ಜೊತೆಗೇ ಕೊಂಡಂತೆ. ಲೈಸೆನ್ಸಿಗೆ ಅವರು ಬದ್ಧರಲ್ಲ (ಅದೇ ಕಾಯ್ದೆ, ಸೆಕ್ಷನ್ 59).

‘ಲೀವ್ ಅಂಡ್ ಲೈಸೆನ್ಸ್’ ಅಂತ ಛಾಪಾ ಕಾಗದದ ಮೇಲೆ ಬರೆಸಿಬಿಟ್ಟರೆ ಸಾಕೆ? ಸಾಲದು. ದೆಹಲಿಯ ಇಂಪೀರಿಯಲ್ ಹೋಟೆಲಿನ ಕೋಣೆಗಳಲ್ಲಿ ಆರ್.ಎನ್. ಕಪೂರ್ ಕ್ಷೌರದಂಗಡಿ ನಡೆಸುತ್ತಿದ್ದರು. ಪತ್ರದಲ್ಲಿ ಲೈಸೆನ್ಸ್ ಎಂದಿದ್ದರೂ 1959ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಲೀಸ್ ಎಂದೇ ಓದಿತು. ಹೆಸರಿಗಿಂತ ಒಳಗಿನ ಹೂರಣ ಮುಖ್ಯ: ಉಭಯರ ಉದ್ದೇಶವೇನು, ಉಳಿದವರನ್ನು ಹೊರಗಿಡುವಂಥ ಸ್ವಾಧೀನ ಯಾರದು? ಸ್ವಾಧೀನ ದೊಡ್ಡ ಸುಳಿವು, ಅದೊಂದೇ ಸಾಲದು.

11 ತಿಂಗಳ ಕರಾರಿಗೂ ಲೀಸೋ ಲೈಸೆನ್ಸೋ ಎಂಬುದಕ್ಕೂ ಸಂಬಂಧವಿಲ್ಲ. ಒಂದು ವರ್ಷ ಮೀರಿದ ಲೀಸಿಗೆ ನೋಂದಣಿ ಕಡ್ಡಾಯವಾದ್ದರಿಂದ ಹುಟ್ಟಿದ ರೂಢಿ ಅದು. 11 ತಿಂಗಳಿಗೆ ಕೊಟ್ಟರೂ ಲೀಸ್ ಲೀಸೇ.

ಹೋಮ್‌ಸ್ಟೇ ಅತಿಥಿಗಳು ಸಾಮಾನ್ಯವಾಗಿ ಲೈಸೆನ್ಸಿನವರು. ತೋಟದ ಲೈನ್ ಮನೆ (ಕಾರ್ಮಿಕರ ಸಾಲುಮನೆ) ಕೆಲಸದ ಜೊತೆಗೆ ಬಂದದ್ದು. ಅಲ್ಲಿ ಕಾರ್ಮಿಕ ಕಾನೂನೂ ಸೇರುತ್ತದೆ. ಪರೀಕ್ಷೆಯ ಪ್ರಶ್ನೆಯಲ್ಲಿ ಎಸ್ಟೇಟ್ ಕಂಡರೆ ಬರೀ 52 ಬರೆದು ಎದ್ದುಬರಬೇಡಿ.