ಅಳಿಯ ಯಾವ ಕಾಗದದ ಮೇಲಿದ್ದಾನೆ?

ಕಳೆದ ತಿಂಗಳು ಹೊಸನಗರ ತಾಲ್ಲೂಕಿನ ಗೌಡರೊಬ್ಬರು ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ನನ್ನ ಕಚೇರಿಗೆ ಬಂದು, ಜವಳಿ ಅಂಗಡಿಯ ಚೀಲದಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲೆ ಹರಡಿದರು. ಮಗಳ ಲಗ್ನಪತ್ರಿಕೆ, ಉಪನೋಂದಣಿ ಕಚೇರಿ ಕೊಟ್ಟ ವಿವಾಹ ನೋಂದಣಿ ಪತ್ರ, ಇಬ್ಬರ ಪಾಸ್‌ಪೋರ್ಟಿನ ಜೆರಾಕ್ಸ್, ಅಮೆರಿಕದಿಂದ ಬಂದ ಇಮೇಲ್‌ಗಳ ಪ್ರಿಂಟು, ಕೊನೆಗೆ ಇಬ್ಬರ ಜಾತಕವೂ ಹೊರಬಂತು. ಮದುವೆಯಾಗಿ ಎರಡೂವರೆ ವರ್ಷ ಕಳೆದಿದ್ದರೂ ಮಗಳು ತವರಿನಲ್ಲೇ ಇದ್ದಳು. “ನಮ್ಮ ಷಡ್ಡಕನ ಮಗಳು ಹದಿನಾಲ್ಕು ತಿಂಗಳಿಗೆ ಹೋದಳು ವಕೀಲ್ರೇ. ನಮ್ಮದು ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಯಾರ ಕೈಲಾದರೂ ಹೇಳಿಸಿದರೆ ಫೈಲು ಸ್ವಲ್ಪ ಮುಂದೆ ಹೋಗಬಹುದಾ?” ಎಂದರು. ಅಳಿಯಂದಿರು ಅಲ್ಲಿನ ಸಿಟಿಜನ್ನೋ, ಅಲ್ಲಿ ಕಾಯಂ ಆಗಿ ನೆಲೆಸಲು ಕೊಡುವ ಗ್ರೀನ್ ಕಾರ್ಡ್ ಇರುವವರೋ ಎಂದು ಕೇಳಿದೆ. “ಅವರು ಅಲ್ಲೇ ಸೆಟ್ಲ್ ಆಗಿದ್ದಾರೆ” ಎಂದರು.

ಈ ‘ಸೆಟ್ಲ್’ ಎಂಬ ಮಾತನ್ನು ಕೇಳಿ ಕೇಳಿ ನನ್ನ ತಾಳ್ಮೆ ಸವೆದಿದೆ. ನಮ್ಮ ಕಡೆಯ ಹಿರಿಯರು ರಾಶಿ ಹಾಕಿದ ಅಡಿಕೆಯಲ್ಲಿ ಸರಕು ಯಾವುದು, ಬೆಟ್ಟೆ ಯಾವುದು, ಗೊರಬಲು ಯಾವುದು ಎಂದು ಅಂಗೈಯಲ್ಲಿ ನಾಲ್ಕು ಹೋಳು ಹಿಡಿದು ಹೇಳಬಲ್ಲರು. ಒಂದು ಜಾತಿಯದನ್ನು ಇನ್ನೊಂದರ ದರಕ್ಕೆ ಮಾರಿಸಿಕೊಂಡವರನ್ನು ನಾನು ಕಂಡಿಲ್ಲ. ಅದೇ ಜನ ಮಗಳನ್ನು ಕೊಡುವಾಗ ಹುಡುಗನ ಗೋತ್ರ, ನಕ್ಷತ್ರ, ಸಂಬಳ, ತೋಟ, ಊರಿನಲ್ಲಿ ಉಳಿದ ಸಾಲ ಎಲ್ಲವನ್ನೂ ವಿಚಾರಿಸಿ, ಆತ ಅಮೆರಿಕದಲ್ಲಿ ಯಾವ ಕಾಗದದ ಬಲದ ಮೇಲೆ ನಿಂತಿದ್ದಾನೆ ಎಂಬುದೊಂದನ್ನು ಬಿಟ್ಟುಬಿಡುತ್ತಾರೆ. ಮಗಳು ಎಷ್ಟು ಕಾಲ ಕಾಯಬೇಕು ಎಂಬುದು ಬಹುಪಾಲು ಆ ಕಾಗದದಿಂದಲೇ ತೀರ್ಮಾನವಾಗುತ್ತದೆ. ಅವಳ ಓದು, ಅವಳ ಇಂಗ್ಲಿಷು, ಮದುವೆಗೆ ಸೇರಿದ ಜನ ಇವು ಯಾವುವೂ ಸರದಿಯನ್ನು ಒಂದು ದಿನವೂ ಕಡಿಮೆ ಮಾಡುವುದಿಲ್ಲ.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ನಾನು ಇಲ್ಲಿನ ನ್ಯಾಯಾಲಯದ ವಕೀಲ. ವಿವಾಹ ನೋಂದಣಿ, ಹೆಸರಿನ ವ್ಯತ್ಯಾಸಕ್ಕೆ ಪ್ರಮಾಣಪತ್ರ, ಜನನ ದಾಖಲೆ ಇವೇ ನನ್ನ ಕೆಲಸ. ಅಮೆರಿಕದ ವಲಸೆ ಕಾನೂನಿನ ಕುರಿತು ಕೊನೆಯ ಮಾತು ಹೇಳಬೇಕಾದವರು ಅಲ್ಲಿ ಪರವಾನಗಿ ಇರುವ ಅಟಾರ್ನಿಗಳು. ನಿಯಮಗಳೂ ಬದಲಾಗುತ್ತಿರುತ್ತವೆ. ಆದ್ದರಿಂದ ಈ ಅಂಕಣವನ್ನು ಕತ್ತರಿಸಿಟ್ಟುಕೊಂಡು ಅದರ ಆಧಾರದ ಮೇಲೆ ಅರ್ಜಿ ಹಾಕಬೇಡಿ. ಏನನ್ನು ಕೇಳಬೇಕು ಎಂದು ತಿಳಿಯಲು ಬಳಸಿಕೊಳ್ಳಿ.

ಗಂಡ ಅಮೆರಿಕದ ಪ್ರಜೆಯಾಗಿದ್ದರೆ ಹೆಂಡತಿಯನ್ನು ಕಾನೂನು ‘ಅತಿ ಹತ್ತಿರದ ಸಂಬಂಧಿ’ ಎಂದು ಪರಿಗಣಿಸುತ್ತದೆ, ಮತ್ತು ಈ ವರ್ಗಕ್ಕೆ ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿ ಇಲ್ಲ. ಅವನು ಐ-130 ಎಂಬ ಅರ್ಜಿ ಹಾಕುತ್ತಾನೆ, ಅದು ಒಪ್ಪಿಗೆಯಾದ ಮೇಲೆ ಫೈಲು ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತದೆ, ಅಲ್ಲಿ ಶುಲ್ಕ, ದಾಖಲೆ, ಗಂಡನ ಆದಾಯದ ಪ್ರಮಾಣಪತ್ರ ಎಲ್ಲವೂ ಸರಿಬಿದ್ದ ನಂತರ ಸಾಮಾನ್ಯವಾಗಿ ಮುಂಬೈನ ಕಾನ್ಸುಲೇಟಿನಲ್ಲಿ ಸಂದರ್ಶನವಾಗುತ್ತದೆ. ಇಲ್ಲಿಯೂ ತಿಂಗಳುಗಟ್ಟಲೆ ಕಾಯುವುದಿದೆ, ಆದರೆ ಆ ಕಾಯುವಿಕೆ ಕಚೇರಿಯ ಕೆಲಸದ ವೇಗಕ್ಕೆ ಸಂಬಂಧಿಸಿದ್ದು. ಷಡ್ಡಕನ ಮಗಳು ಹೋದದ್ದು ಈ ದಾರಿಯಲ್ಲಿ.

ಗಂಡನಿಗೆ ಇರುವುದು ಗ್ರೀನ್ ಕಾರ್ಡ್ ಮಾತ್ರವಾದರೆ ಹೆಂಡತಿ ಎಫ್2ಎ ಎಂಬ ವರ್ಗಕ್ಕೆ ಸೇರುತ್ತಾಳೆ. ಅರ್ಜಿ ಅದೇ ಐ-130, ವೀಸಾ ಸೆಂಟರ್ ಅದೇ, ಮುಂಬೈಯೂ ಅದೇ. ಎಲ್ಲವೂ ಒಂದೇ ಆಗಿ ಕಾಣುವುದರಿಂದಲೇ ನಮ್ಮವರು ಮೋಸ ಹೋಗುವುದು. ಈ ವರ್ಗಕ್ಕೆ ವರ್ಷಕ್ಕೊಂದು ಸಂಖ್ಯೆಯ ಮಿತಿ ಇದೆ. ಅದು ಸುಮಾರು 88,000, ಇಡೀ ಜಗತ್ತಿಗೆ, ಗ್ರೀನ್ ಕಾರ್ಡಿನವರ ಗಂಡ ಹೆಂಡತಿ ಮತ್ತು ಚಿಕ್ಕ ಮಕ್ಕಳೆಲ್ಲ ಸೇರಿ. ಬೇಡಿಕೆ ಅದಕ್ಕಿಂತ ಹೆಚ್ಚಾದಾಗ ಸರದಿ ಶುರುವಾಗುತ್ತದೆ. ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ವೀಸಾ ಬುಲೆಟಿನ್ ಎಂಬ ಪಟ್ಟಿ ಹೊರಡಿಸಿ, ಯಾವ ದಿನಾಂಕಕ್ಕಿಂತ ಮೊದಲು ಅರ್ಜಿ ಹಾಕಿದವರಿಗೆ ಈಗ ವೀಸಾ ಸಿಗುತ್ತದೆ ಎಂದು ಹೇಳುತ್ತದೆ. ಆ ‘ಅರ್ಜಿ ಹಾಕಿದ ದಿನಾಂಕ’ವೇ ಆದ್ಯತಾ ದಿನಾಂಕ. ಅದು ಧಾರೆ ಎರೆದ ದಿನವೂ ಅಲ್ಲ, ನೋಂದಣಿಯಾದ ದಿನವೂ ಅಲ್ಲ, ಅರ್ಜಿ ಒಪ್ಪಿಗೆಯಾದ ದಿನವೂ ಅಲ್ಲ. ಐ-130 ಅಲ್ಲಿನ ಕಚೇರಿಗೆ ತಲುಪಿದ ದಿನ. ಮದುವೆಯಾಗಿ ಏಳೆಂಟು ತಿಂಗಳು ‘ನಿಧಾನವಾಗಿ ಹಾಕಿದರಾಯಿತು’ ಎಂದು ಕುಳಿತ ಅಳಿಯಂದಿರು ಆ ಏಳೆಂಟು ತಿಂಗಳನ್ನು ಹೆಂಡತಿಯ ಲೆಕ್ಕದಿಂದ ಕಳೆದಂತೆಯೇ.

ಅರ್ಜಿ ಒಪ್ಪಿಗೆಯಾಯಿತು ಎಂಬ ಇಮೇಲ್ ಬಂದ ದಿನ ಸಿಹಿ ಹಂಚಿದ ಮನೆಗಳು ಎಷ್ಟೋ ಇವೆ. ತೀರ್ಥಹಳ್ಳಿಯ ಶಿಕ್ಷಕಿಯೊಬ್ಬಳು ಆ ಇಮೇಲ್ ನೋಡಿ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಶಾಲೆಯಲ್ಲಿ ಬೀಳ್ಕೊಡುಗೆಯ ಶಾಲು ಹೊದೆಸಿಕೊಂಡು, ಆಮೇಲೆ ಒಂದೂವರೆ ವರ್ಷ ಅದೇ ಶಾಲೆಯ ಎದುರಿನ ರಸ್ತೆಯಲ್ಲಿ ಓಡಾಡಬೇಕಾಯಿತು. ‘ಇನ್ನೂ ಹೋಗಲಿಲ್ವಾ?’ ಎಂದು ಕೇಳುವವರಿಗೆ ಉತ್ತರ ಹೇಳಿ ಸಾಕಾಗಿ ಸಂತೆಗೆ ಹೋಗುವುದನ್ನೇ ಬಿಟ್ಟೆ ಎಂದು ಅವಳು ನನ್ನ ಮುಂದೆ ಹೇಳಿಕೊಂಡಿದ್ದಳು. ಐ-130 ಒಪ್ಪಿಗೆ ಎಂದರೆ ‘ಇವರಿಬ್ಬರು ಗಂಡ ಹೆಂಡತಿ ಎಂಬುದನ್ನು ನಂಬಿದ್ದೇವೆ’ ಎಂದಷ್ಟೇ ಅರ್ಥ. ಸರದಿ ಬಂದಿದೆ ಎಂಬ ಮಾತು ಅದರಲ್ಲಿಲ್ಲ.

ಈ ಸರದಿ ಒಂದೇ ತೆರನಾಗಿಯೂ ಇರುವುದಿಲ್ಲ. 2019ರ ಜುಲೈಯಿಂದ 2023ರ ಮಾರ್ಚ್‌ವರೆಗೆ ಎಫ್2ಎ ವರ್ಗದಲ್ಲಿ ಕಾಯುವ ದಿನಾಂಕವೇ ಇರಲಿಲ್ಲ, ಬುಲೆಟಿನ್ನಿನಲ್ಲಿ ಬಾಗಿಲು ತೆರೆದೇ ಇತ್ತು. ಆ ಕಾಲದಲ್ಲಿ ಮದುವೆಯಾದ ಅಕ್ಕನನ್ನು ನೋಡಿ ತಂಗಿಯನ್ನೂ ಗ್ರೀನ್ ಕಾರ್ಡಿನ ಹುಡುಗನಿಗೆ ಕೊಟ್ಟವರಿದ್ದಾರೆ. 2023ರ ಏಪ್ರಿಲ್‌ನ ಬುಲೆಟಿನ್ನಿನಲ್ಲಿ ದಿನಾಂಕ ಒಮ್ಮೆಲೇ 2020ರ ಸೆಪ್ಟೆಂಬರ್‌ಗೆ ಹಿಂದೆ ಸರಿಯಿತು. ಅಕ್ಕನಿಗಾದದ್ದು ತಂಗಿಗೇಕೆ ಆಗಲಿಲ್ಲ ಎಂದು ಆ ತಂದೆ ನನ್ನನ್ನು ಕೇಳಿದಾಗ, ನಾನೇ ಏನೋ ತಪ್ಪು ಮಾಡಿದವನಂತೆ ಬೆವರಿದ್ದೆ.

ಇನ್ನು ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದ ಮೇಲಿರುವ ಹುಡುಗ. ಇವನು ಹೆಂಡತಿಯನ್ನು ಸ್ಪಾನ್ಸರ್ ಮಾಡುವುದೇ ಇಲ್ಲ. ಅವನ ಅವಲಂಬಿತಳಾಗಿ ಅವಳು ಎಚ್-4 ವೀಸಾ ಕೇಳುತ್ತಾಳೆ. ಇದಕ್ಕೆ ವಾರ್ಷಿಕ ಮಿತಿಯ ಸರದಿ ಇಲ್ಲ, ಸಂದರ್ಶನದ ದಿನ ಸಿಗುವುದಷ್ಟೇ ತಡ. ಹೀಗಾಗಿ ಸಂಬಂಧ ನೋಡುವಾಗ ‘ಬರೀ ಎಚ್-1’ ಎಂದು ಮೂಗು ಮುರಿಸಿಕೊಂಡ ಹುಡುಗನ ಹೆಂಡತಿ, ಗ್ರೀನ್ ಕಾರ್ಡ್ ಹುಡುಗನ ಹೆಂಡತಿಗಿಂತ ಮೊದಲೇ ಸಂಸಾರ ಹೂಡಿರುತ್ತಾಳೆ. ಅವಳ ಕಷ್ಟ ಬೇರೆ ಬಗೆಯದು. ಗಂಡನ ಗ್ರೀನ್ ಕಾರ್ಡಿನ ಪ್ರಕ್ರಿಯೆಯಲ್ಲಿ ಐ-140 ಎಂಬ ಉದ್ಯೋಗದ ಆಧಾರದ ಅರ್ಜಿ ಒಪ್ಪಿಗೆಯಾಗದ ಹೊರತು ಸಾಮಾನ್ಯವಾಗಿ ಅವಳಿಗೆ ಕೆಲಸ ಮಾಡುವ ಅನುಮತಿ ಸಿಗುವುದಿಲ್ಲ, ಈ ಅವಕಾಶ ಬಂದದ್ದೂ 2015ರಲ್ಲಿ. ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಕೇಳುವ ಭಾರತೀಯರ ಮುಖ್ಯ ವರ್ಗಗಳಲ್ಲಿ ಸರದಿ ಹತ್ತು ವರ್ಷಕ್ಕೂ ಹಿಂದಿದೆ. ಎಂ.ಟೆಕ್. ಮಾಡಿದ ಹುಡುಗಿ ಇದನ್ನು ಮದುವೆಗೆ ಮೊದಲು ತಿಳಿದಿರುವುದು ಒಳ್ಳೆಯದು. ತಿಳಿದ ಮೇಲೂ ಒಪ್ಪಿದರೆ ಅದು ಅವಳ ಇಷ್ಟ.

ಈಗ ನಾನು ಬಹಳ ಹೊತ್ತು ಹೇಳಬೇಕಾದ, ಆದರೂ ಯಾರೂ ಕಿವಿಗೊಡದ ವಿಷಯಕ್ಕೆ ಬರುತ್ತೇನೆ. ಎಚ್-1ಬಿ ಹುಡುಗನಿಗೆ ಉದ್ಯೋಗದ ಗ್ರೀನ್ ಕಾರ್ಡ್ ಇಂದೋ ನಾಳೆಯೋ ಬರುವಂತಿದ್ದರೆ, ಮದುವೆ ಅದಕ್ಕಿಂತ ಮೊದಲು ಆಯಿತೋ ನಂತರ ಆಯಿತೋ ಎಂಬುದರ ಮೇಲೆ ಹೆಂಡತಿಯ ದಾರಿ ಬದಲಾಗುತ್ತದೆ. ಮೊದಲೇ ಮದುವೆಯಾಗಿದ್ದರೆ ಗಂಡನ ಆದ್ಯತಾ ದಿನಾಂಕವೇ ಅವಳದೂ ಆಗಿ, ಅವನ ಬೆನ್ನಿಗೆ ಸೇರಿಕೊಳ್ಳಬಹುದು. ಕಾರ್ಡ್ ಬಂದ ಮಾರನೆಯ ದಿನ ಮದುವೆಯಾದರೂ ಅವಳು ಎಫ್2ಎ ಸರದಿಯ ಕೊನೆಗೆ ಹೋಗಿ ನಿಲ್ಲಬೇಕು. ಎಚ್-1ಬಿಯ ಜಾಗದಲ್ಲಿ ಗ್ರೀನ್ ಕಾರ್ಡ್ ಬಂದಿರುವುದರಿಂದ ಎಚ್-4 ಕೇಳುವ ಬಾಗಿಲೂ ಮುಚ್ಚಿರುತ್ತದೆ.

2023ರಲ್ಲಿ ಸಾಗರದ ಕಡೆಯ ಒಂದು ಮನೆಯಲ್ಲಿ ಹೀಗೇ ಆಯಿತು. ಹುಡುಗ ಹಿರಿಯ ಮಗ, ಹುಡುಗಿ ಹಿರಿಯ ಮಗಳು. ಜೂನ್ ಮೊದಲ ವಾರ ಛತ್ರ ಖಾಲಿಯಿತ್ತು, ಆದರೆ ಜ್ಯೇಷ್ಠರಿಬ್ಬರಿಗೆ ಜ್ಯೇಷ್ಠ ಮಾಸದಲ್ಲಿ ಮದುವೆ ಸಲ್ಲದು ಎಂದು ಅಜ್ಜಿ ಹಿಡಿದ ಹಟ ಬಿಡಲಿಲ್ಲ. ಆಮೇಲೆ ಆಷಾಢ. ಆ ವರ್ಷ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂದು ಆಗಸ್ಟ್ 16ರವರೆಗೆ ಮುಹೂರ್ತವಿರಲಿಲ್ಲ. ನಿಜ ಶ್ರಾವಣದಲ್ಲಿ ಮದುವೆ ಚೆನ್ನಾಗಿಯೇ ನಡೆಯಿತು. ನಾನೂ ಊಟ ಮಾಡಿ ಬಂದೆ. ಹುಡುಗನ ಗ್ರೀನ್ ಕಾರ್ಡ್ ಜುಲೈಯಲ್ಲೇ ಬಂದಿತ್ತು. ಅದನ್ನು ಶುಭಶಕುನವೆಂದು ಛತ್ರದಲ್ಲಿ ಎಲ್ಲರಿಗೂ ಹೇಳುತ್ತಿದ್ದರು. ನೋಂದಣಿಗೆಂದು ನನ್ನ ಬಳಿ ಬಂದ ದಿನ ನಾನು ಎರಡೂ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಬರೆದು ತೋರಿಸಿದಾಗ ಹುಡುಗ ಮಾತಾಡಲಿಲ್ಲ. ಆ ಹುಡುಗಿ ಎರಡು ವರ್ಷಕ್ಕೂ ಮಿಕ್ಕಿ ಕಾದಳು. ಅಜ್ಜಿಗೆ ಇಂದಿಗೂ ಯಾರೂ ಹೇಳಿಲ್ಲ, ಹೇಳಲೂಬಾರದು.

‘ಹಾಗಾದರೆ ಮೊದಲು ರಿಜಿಸ್ಟರ್ ಮಾಡಿಸಿ, ಆಮೇಲೆ ಶಾಸ್ತ್ರ ಮಾಡಿಕೊಳ್ಳೋಣ’ ಎನ್ನುವವರು ಸ್ವಲ್ಪ ನಿಲ್ಲಬೇಕು. ಹಿಂದೂ ವಿವಾಹ ಕಾಯ್ದೆಯ ನೋಂದಣಿ ಎಂದರೆ ಶಾಸ್ತ್ರೋಕ್ತವಾಗಿ ಆಗಿಹೋದ ಮದುವೆಯನ್ನು ಪುಸ್ತಕಕ್ಕೆ ಏರಿಸುವುದು. ಆಗದ ಮದುವೆಯನ್ನು ಅದು ಆಗಿಸುವುದಿಲ್ಲ. ವಿಧಿಗಳೇ ನಡೆಯದೆ ಪಡೆದ ನೋಂದಣಿ ಪತ್ರಕ್ಕೆ ಬೆಲೆಯಿಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಲಗ್ನಪತ್ರಿಕೆಯಲ್ಲಿ ಒಂದು ದಿನಾಂಕ, ನೋಂದಣಿ ಪತ್ರದಲ್ಲಿ ಅದಕ್ಕಿಂತ ನಾಲ್ಕು ತಿಂಗಳು ಹಿಂದಿನ ದಿನಾಂಕವಿದ್ದರೆ ಮುಂಬೈನ ಅಧಿಕಾರಿಗೆ ಏನನ್ನಿಸಬೇಕು? ನಿಜವಾಗಿ ಅವಸರವಿದ್ದವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಅದರಲ್ಲಿ ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದು ನೋಟಿಸ್ ಕೊಡಬೇಕು, ಮತ್ತೆ 30 ದಿನ ಆಕ್ಷೇಪಣೆಗೆ ಕಾಯಬೇಕು, ಬಳಿಕ ಇಬ್ಬರೂ ಮೂವರು ಸಾಕ್ಷಿಗಳೊಂದಿಗೆ ಹಾಜರಾಗಬೇಕು. ಅದು ಪೂರ್ಣ ಮದುವೆಯೇ. ಮೂರು ವಾರದ ರಜೆಯಲ್ಲಿ ಬಂದಿಳಿದು, ವಿಮಾನ ನಿಲ್ದಾಣದಿಂದಲೇ ನನಗೆ ಫೋನು ಮಾಡಿ ‘ಈ ವಾರ ಆಗಬಹುದಾ ಸಾರ್?’ ಎಂದರೆ ಆಗುವುದಿಲ್ಲ.

ಕಾಯುವ ಕಾಲದಲ್ಲಿ ಪ್ರವಾಸಿ ವೀಸಾದ ಆಸೆ ಹತ್ತುವುದುಂಟು. ಆ ಅರ್ಜಿಯಲ್ಲಿ ‘ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರೆಯೇ’ ಎಂಬ ಪ್ರಶ್ನೆ ಇರುತ್ತದೆ. ಹೌದು ಎಂದರೆ ವೀಸಾ ಸಿಗುವ ಸಂಭವ ಕಡಿಮೆ. ಇಲ್ಲ ಎಂದು ಸುಳ್ಳು ಬರೆದರೆ ಮುಂದೆ ಗಂಡನ ಮೂಲಕ ಸಿಗಬೇಕಾದ ವೀಸಾಕ್ಕೂ ಶಾಶ್ವತ ನಿಷೇಧ ಅಂಟಬಹುದು, ಅದನ್ನು ತೊಳೆದುಕೊಳ್ಳಲು ಬೇರೊಂದು ಮನ್ನಾ ಅರ್ಜಿಯ ಹಿಂದೆ ಬೀಳಬೇಕು. ಏಜೆಂಟರು ‘ಇಲ್ಲ’ ಎಂದು ತುಂಬಿಕೊಡುತ್ತಾರೆ. ಸಹಿ ಹುಡುಗಿಯದು.

ಇಷ್ಟನ್ನೂ ಗೌಡರಿಗೆ ಹೇಳಿದೆ. ಅವರು ಕೇಳಿಸಿಕೊಂಡು, ಹಾಗಾದರೆ ಎಫ್2ಎಯೇ ಇರಬೇಕು, ಅಳಿಯ ಗ್ರೀನ್ ಕಾರ್ಡ್ ಎಂದು ಒಮ್ಮೆ ಹೇಳಿದ ನೆನಪು ಎಂದರು. ಇಮೇಲ್ ಪ್ರಿಂಟಿನಲ್ಲೂ ಹಾಗೆಯೇ ಇತ್ತು. ಕಾಯುವುದೇ ಉಳಿದದ್ದು ಎಂದುಕೊಂಡು ಕಾಗದಗಳನ್ನು ಮಡಚಿ ಚೀಲಕ್ಕೆ ತುಂಬುವಾಗ, ಮಗಳು ಅಳಿಯನ ಮದುವೆಯ ಫೋಟೋ ತೋರಿಸಲೆಂದು ಮೊಬೈಲು ತೆಗೆದರು. ವಾಟ್ಸ್ಯಾಪ್‌ನ ಒಂದು ಚಿತ್ರ ಬೆರಳಿಗೆ ಜಾರಿ ಬಂತು. ಅಳಿಯ ಸೂಟು ಹಾಕಿಕೊಂಡು, ಒಂದು ಕೈಯಲ್ಲಿ ಅಮೆರಿಕದ ಪುಟ್ಟ ಬಾವುಟ, ಇನ್ನೊಂದರಲ್ಲಿ ದೊಡ್ಡ ಲಕೋಟೆ ಹಿಡಿದು ನಗುತ್ತಿದ್ದ. ಯಾವಾಗಿನದು ಎಂದೆ. “ಐದಾರು ತಿಂಗಳಾಯ್ತು, ಅವರ ಆಫೀಸಲ್ಲಿ ಏನೋ ಫಂಕ್ಷನ್ನು” ಎಂದರು.

ಅಲ್ಲಿಂದಲೇ ಅಳಿಯನಿಗೆ ಫೋನು ಹಚ್ಚಿಸಿದೆ. ಅಲ್ಲಿ ನಡುರಾತ್ರಿ. ಹೌದು ಸಾರ್, ಸಿಟಿಜನ್‌ಶಿಪ್ ಪ್ರಮಾಣವಚನ ಆಯಿತು, ಫೈಲು ತಾನಾಗಿಯೇ ಬದಲಾಗುತ್ತದೆಂದು ತಿಳಿದಿದ್ದೆ ಎಂದ. ವೀಸಾ ಸೆಂಟರಿಗೆ ತಿಳಿಸುವವರೆಗೆ ಅದು ತಾನಾಗಿ ಬದಲಾಗುವುದಿಲ್ಲ. ಪೌರತ್ವದ ಪ್ರಮಾಣಪತ್ರದ ಪ್ರತಿ ಕಳಿಸಿ, ಎಫ್2ಎಯಿಂದ ಪ್ರಜೆಯ ಹೆಂಡತಿಯ ವರ್ಗಕ್ಕೆ ಏರಿಸಿರೆಂದು ಕೇಳಬೇಕು. ಐದಾರು ತಿಂಗಳು ಆ ಹುಡುಗಿ ತನ್ನದಲ್ಲದ ಸರದಿಯಲ್ಲಿ ನಿಂತಿದ್ದಳು. ನಾಳೆಯೇ ನಿಮ್ಮ ಅಟಾರ್ನಿಯ ಮೂಲಕ ಕಳಿಸಿ ಎಂದು ಹೇಳಿ ಫೋನಿಟ್ಟೆ.

ಗೌಡರು ಇನ್ನೂ ಆ ಚಿತ್ರವನ್ನೇ ನೋಡುತ್ತಿದ್ದರು. “ನಾಳೆ ತನಕ ಯಾಕೆ ವಕೀಲ್ರೇ, ಈ ಫೋಟೋನೇ ಈಗ ಕಳಿಸಿದ್ರೆ ಆಗಲ್ವಾ?” ಎಂದರು.